ಮಧ್ಯಮ ಶಕ್ತಿ: ಕೆನಡಾದ ವಿದೇಶಾಂಗ ನೀತಿಯಲ್ಲಿ ರೂಪುಗೊಂಡ ಪರಿಕಲ್ಪನೆ

ಅಂತರರಾಷ್ಟ್ರೀಯ ರಾಜಕಾರಣದ ಚರ್ಚೆಗಳಲ್ಲಿ ಬರುವ ‘ಮಧ್ಯಮ ಶಕ್ತಿ’ ಎಂಬ ಮಾತು ಮೇಲುನೋಟಕ್ಕೆ ಅಳತೆಯನ್ನು ಸೂಚಿಸುವಂತೆ ಕಾಣುತ್ತದೆ. ಇಟಲಿಯ ಚಿಂತಕ ಜಿಯೊವಾನಿ ಬೊಟೆರೊ 1589ರಲ್ಲಿ ರಾಜ್ಯಗಳನ್ನು ದೊಡ್ಡವು, ನಡುವಿನವು, ಸಣ್ಣವು ಎಂದು ವಿಂಗಡಿಸಿ, ಅನ್ಯರ ನೆರವಿಲ್ಲದೆ ತನ್ನ ಕಾಲ ಮೇಲೆ ನಿಲ್ಲಬಲ್ಲದ್ದು ನಡುವಿನ ರಾಜ್ಯ ಎಂದಿದ್ದನು. ಆದರೆ ಕೌಟಿಲ್ಯನ ಮಂಡಲ ಸಿದ್ಧಾಂತದಲ್ಲಿ ಬರುವ ‘ಮಧ್ಯಮ’ನನ್ನು ಗುರುತಿಸುವುದು ಅವನ ಗಾತ್ರದಿಂದಲ್ಲ, ಅವನು ನಿಂತಿರುವ ಜಾಗದಿಂದ. ಗೆಲ್ಲಬಯಸುವ ರಾಜ ಮತ್ತು ಅವನ ಶತ್ರು, ಈ ಇಬ್ಬರ ಗಡಿಗೂ ತಾಗಿಕೊಂಡು, ಇಬ್ಬರಿಗೂ ನೆರವಾಗಬಲ್ಲ, ಅವರು ಬೇರೆಬೇರೆಯಾಗಿದ್ದಾಗ ಒಬ್ಬೊಬ್ಬರನ್ನೂ ತಡೆಯಬಲ್ಲ ರಾಜನೇ ಮಧ್ಯಮ. ಇಪ್ಪತ್ತನೆಯ ಶತಮಾನದಲ್ಲಿ ಈ ಪರಿಕಲ್ಪನೆಯನ್ನು ತನ್ನ ಗುರುತಾಗಿಯೇ ಮಾಡಿಕೊಂಡ ಕೆನಡಾದ ಇತಿಹಾಸವನ್ನು ನೋಡಿದರೆ, ಬೊಟೆರೊನ ಅಳತೆಗಿಂತ ಕೌಟಿಲ್ಯನ ಸ್ಥಾನವಿಚಾರವೇ ಅದಕ್ಕೆ ಹೆಚ್ಚು ಹೊಂದುತ್ತದೆ.

1867ರಲ್ಲಿ ಒಕ್ಕೂಟವಾದಾಗ ಕೆನಡಾಕ್ಕೆ ಸ್ವಂತ ವಿದೇಶಾಂಗ ನೀತಿಯೇ ಇರಲಿಲ್ಲ. 1914ರ ಆಗಸ್ಟ್‌ನಲ್ಲಿ ಬ್ರಿಟನ್ ಯುದ್ಧ ಸಾರಿದೊಡನೆ ಅದೂ ಯುದ್ಧದಲ್ಲಿತ್ತು. 1922ರಲ್ಲಿ ತುರ್ಕಿಯ ಚಾನಕ್ ಬಿಕ್ಕಟ್ಟಿಗೆ ಬ್ರಿಟನ್ ಸೈನ್ಯ ಕೇಳಿದಾಗ, ತಮ್ಮ ಸಂಸತ್ತು ತೀರ್ಮಾನಿಸಲಿ ಎಂದು ಪ್ರಧಾನಿ ಮೆಕೆಂಜಿ ಕಿಂಗ್ ಜಾರಿಕೊಂಡರು. ಮರುವರ್ಷ ಅಮೆರಿಕದೊಂದಿಗಿನ ಮೀನುಗಾರಿಕೆ ಒಪ್ಪಂದವೊಂದಕ್ಕೆ ಬ್ರಿಟಿಷ್ ರಾಯಭಾರಿಯ ಸಹಿಯಿಲ್ಲದೆ ಕೆನಡಾದ ಸಚಿವರೊಬ್ಬರೇ ಸಹಿ ಹಾಕಿದರು. ಹ್ಯಾಲಿಬಟ್ ಎಂಬ ಮೀನಿನ ಸಲುವಾಗಿ ಆದ ಒಪ್ಪಂದ ಒಂದು ದೇಶದ ರಾಜತಾಂತ್ರಿಕ ಸ್ವಾತಂತ್ರ್ಯದ ಮೈಲಿಗಲ್ಲಾಯಿತೆಂಬುದು ಸ್ವಾರಸ್ಯದ ಸಂಗತಿ. 1931ರ ವೆಸ್ಟ್‌ಮಿನ್‌ಸ್ಟರ್ ಶಾಸನ ಈ ಬದಲಾವಣೆಗೆ ಕಾನೂನಿನ ಮುದ್ರೆ ಒತ್ತಿತು. 1939ರಲ್ಲಿ ಬ್ರಿಟನ್ ಯುದ್ಧ ಘೋಷಿಸಿದ್ದು ಸೆಪ್ಟೆಂಬರ್ 3ರಂದು. ಕೆನಡಾ ಪ್ರತ್ಯೇಕವಾಗಿ ಘೋಷಿಸಿದ್ದು 10ರಂದು. ಆ ಒಂದು ವಾರದ ಅಂತರ ಬೇಕೆಂದೇ ಇಟ್ಟುಕೊಂಡದ್ದಾಗಿತ್ತು.

ಸುಮಾರು 1.1 ಕೋಟಿ ಜನಸಂಖ್ಯೆಯ ಆ ದೇಶದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಮವಸ್ತ್ರ ತೊಟ್ಟರು. ಆದರೂ ಯುದ್ಧದ ಮುಖ್ಯ ತೀರ್ಮಾನಗಳನ್ನು ಲಂಡನ್ ಮತ್ತು ವಾಷಿಂಗ್ಟನ್ ತಾವೇ ಕೈಗೊಳ್ಳುತ್ತಿದ್ದವು. ಈ ಅಸಮಾಧಾನದಿಂದ ಹುಟ್ಟಿದ ವಾದವನ್ನು ರಾಜತಾಂತ್ರಿಕ ಹ್ಯೂಮ್ ರಾಂಗ್ ರೂಪಿಸಿದರು, ಕಿಂಗ್ 1943ರಲ್ಲಿ ಸಂಸತ್ತಿನ ಮುಂದಿಟ್ಟರು. ಎಲ್ಲ ದೇಶಗಳಿಗೂ ಎಲ್ಲ ವಿಷಯಗಳಲ್ಲಿ ಸಮಾನ ಅಧಿಕಾರ ಸಾಧ್ಯವಿಲ್ಲ, ಹಾಗೆಂದು ನಾಲ್ಕಾರು ಬಲಿಷ್ಠರೇ ಎಲ್ಲವನ್ನೂ ನಿರ್ಧರಿಸುವುದೂ ಸಲ್ಲದು. ಆಹಾರ, ವಿಮಾನಯಾನ, ಖನಿಜ ಹೀಗೆ ಯಾವ ಕ್ಷೇತ್ರದಲ್ಲಿ ಯಾವ ದೇಶದ ಕೊಡುಗೆ ದೊಡ್ಡದೋ ಆ ಕ್ಷೇತ್ರದಲ್ಲಿ ಅದರ ಮಾತಿಗೆ ಅಷ್ಟು ತೂಕವಿರಬೇಕು ಎಂಬುದು ಅದರ ತಿರುಳು. ವಿಶ್ವಸಂಸ್ಥೆಯ ಸನ್ನದಿನ 44ನೆಯ ವಿಧಿಯಲ್ಲಿ ಇದರ ಗುರುತು ಉಳಿದಿದೆ. ಭದ್ರತಾ ಮಂಡಳಿಯ ಸದಸ್ಯನಲ್ಲದ ದೇಶದಿಂದ ಸೈನ್ಯ ಕೇಳುವುದಾದರೆ, ಆ ಸೈನ್ಯದ ಬಳಕೆಯ ಕುರಿತ ತೀರ್ಮಾನದಲ್ಲಿ ಭಾಗವಹಿಸಲು ಆ ದೇಶವನ್ನು ಕರೆಯಬೇಕು ಎಂದು ಅದು ಹೇಳುತ್ತದೆ. ಹೀಗೆ ‘ಮಧ್ಯಮ ಶಕ್ತಿ’ ಎಂಬುದು ಮೊದಲಿಗೆ ಒಂದು ಹಕ್ಕೊತ್ತಾಯವಾಗಿತ್ತು. ಮಧ್ಯಸ್ಥಿಕೆ, ಸದ್ಭಾವನೆ ಮೊದಲಾದ ಅರ್ಥಗಳು ಆಮೇಲೆ ಬಂದು ಸೇರಿಕೊಂಡವು.

ಹಾಗೆ ಸೇರಿಸಿದ್ದು ಮುಖ್ಯವಾಗಿ 1956ರ ಸೂಯೆಜ್ ಬಿಕ್ಕಟ್ಟು. ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ ಮೇಲೆ, ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್, ಅದರ ಬೆನ್ನಿಗೇ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಎರಗಿದವು. ದಾಳಿ ಮಾಡಿದ ಬ್ರಿಟನ್ ಮತ್ತು ಫ್ರಾನ್ಸ್‌ಗಳ ಕೈಯಲ್ಲೇ ವಿಟೊ, ಅಂದರೆ ನಿರ್ಣಯವನ್ನು ತಡೆಯುವ ಅಧಿಕಾರ, ಇದ್ದುದರಿಂದ ಭದ್ರತಾ ಮಂಡಳಿ ಕೈಕಟ್ಟಿ ಕುಳಿತಿತು. ವಿಷಯ ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ಹೋಯಿತು. ಅಮೆರಿಕ ಮಂಡಿಸಿದ ಕದನವಿರಾಮದ ನಿರ್ಣಯಕ್ಕೆ ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಮತ ಹಾಕದೆ ತಟಸ್ಥರಾಗಿ ಉಳಿದರು. ಗುಂಡಿನ ಸದ್ದು ನಿಂತರೆ ಸಾಲದು, ಅದನ್ನು ನಿಂತೇ ಇರುವಂತೆ ಮಾಡಲು ಒಂದು ಪಡೆ ಬೇಕು ಎಂಬುದು ಅವರ ಆಕ್ಷೇಪದ ಸಾರಾಂಶವಾಗಿತ್ತು. ನವೆಂಬರ್ 4ರಂದು ಅವರು ತಂದ ನಿರ್ಣಯ ಅಂತಹ ಪಡೆಯ ಯೋಜನೆಯನ್ನು 48 ಗಂಟೆಗಳೊಳಗೆ ಸಿದ್ಧಪಡಿಸುವಂತೆ ಪ್ರಧಾನ ಕಾರ್ಯದರ್ಶಿ ಹಾಮರ್‌ಷೋಲ್ಡ್ ಅವರನ್ನು ಕೇಳಿತು. ಪರವಾಗಿ 57 ಮತಗಳು ಬಿದ್ದವು, 19 ದೇಶಗಳು ತಟಸ್ಥವಾಗಿದ್ದವು, ವಿರೋಧ ಒಂದೂ ಇರಲಿಲ್ಲ. ಪಿಯರ್ಸನ್ ಅವರಿಗೆ ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಈ ಪ್ರಸಂಗವನ್ನು ನಿಸ್ವಾರ್ಥ ಸೇವೆಯ ಕಥೆಯಾಗಿ ಹೇಳುವುದು ರೂಢಿ. ಅದು ಪೂರ್ಣ ಸತ್ಯವೆಂದು ನನಗನ್ನಿಸುವುದಿಲ್ಲ. ಬ್ರಿಟನ್ ಮತ್ತು ಅಮೆರಿಕ ಬಹಿರಂಗವಾಗಿ ಮುಖ ತಿರುಗಿಸಿಕೊಂಡಿದ್ದ ಆ ಗಳಿಗೆಯಲ್ಲಿ, ಇಬ್ಬರನ್ನೂ ನೆಚ್ಚಿಕೊಂಡಿದ್ದ ಕೆನಡಾಕ್ಕೆ ಆ ಬಿರುಕು ಸ್ವಂತ ಭದ್ರತೆಯ ಪ್ರಶ್ನೆಯಾಗಿತ್ತು; ನೇಟೊ ಮತ್ತು ಕಾಮನ್‌ವೆಲ್ತ್ ಎರಡೂ ಮುರಿಯುವ ಅಪಾಯವಿತ್ತು. ಪಿಯರ್ಸನ್ ಮೊದಲು ಉಳಿಸಲು ಹೊರಟದ್ದು ಈ ಸಂಬಂಧಗಳನ್ನು. ಈಜಿಪ್ಟ್ ಕೂಡ ಕೆನಡಾವನ್ನು ತಟಸ್ಥ ದೇಶವೆಂದು ಸುಲಭವಾಗಿ ನಂಬಲಿಲ್ಲ. ಹ್ಯಾಲಿಫ್ಯಾಕ್ಸ್ ಬಂದರಿನಿಂದ ಹೊರಡಬೇಕಿದ್ದ ಕೆನಡಾದ ದಳದ ಹೆಸರು ‘ಕ್ವೀನ್ಸ್ ಓನ್ ರೈಫಲ್ಸ್’. ಅದರ ಸಮವಸ್ತ್ರವೂ ದೇಶದ ಅಂದಿನ ಧ್ವಜವೂ ಬ್ರಿಟಿಷರದನ್ನೇ ಹೋಲುತ್ತಿದ್ದವು. ರಾಣಿಯ ಸೈನ್ಯದ ದಾಳಿಗೆ ತುತ್ತಾದ ದೇಶ ರಾಣಿಯ ಹೆಸರಿನ ಇನ್ನೊಂದು ದಳವನ್ನು ಒಪ್ಪದಿದ್ದುದು ಸಹಜವೇ. ಕೊನೆಗೆ ಕೆನಡಾ ಸರಬರಾಜು, ಸಂಪರ್ಕ ಮುಂತಾದ ಕೆಲಸಗಳ ತುಕಡಿಗಳನ್ನು ಕಳುಹಿಸಿತು. ಪಡೆಯ ಮೊದಲ ದಂಡನಾಯಕ ಬರ್ನ್ಸ್ ಕೆನಡಾದವರು. ಗಡಿ ಕಾಯಲು ಹೋದ ದೇಶಗಳಲ್ಲಿ ಭಾರತವೂ ಇತ್ತು.

ಭಾರತದೊಂದಿಗಿನ ಸಂಬಂಧ ಈ ಪರಿಕಲ್ಪನೆಯ ಸಾಧ್ಯತೆ, ಮಿತಿ ಎರಡನ್ನೂ ತೋರಿಸುತ್ತದೆ. 1954ರ ಜಿನೀವಾ ಒಪ್ಪಂದದ ಬಳಿಕ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಮೇಲ್ವಿಚಾರಣಾ ಆಯೋಗಗಳಲ್ಲಿ ಪಶ್ಚಿಮದ ಪರವಾಗಿ ಕೆನಡಾ, ಕಮ್ಯುನಿಸ್ಟ್ ಬಣದಿಂದ ಪೋಲೆಂಡ್, ಅಧ್ಯಕ್ಷ ಸ್ಥಾನದಲ್ಲಿ ಅಲಿಪ್ತ ಭಾರತ ಕುಳಿತಿದ್ದವು. ಅಲಿಪ್ತ ನೀತಿ ಮತ್ತು ಮಧ್ಯಮ ಶಕ್ತಿಯ ನೀತಿ ಒಂದೇ ಅಲ್ಲ ಎಂಬುದು ಅಲ್ಲೇ ಸ್ಪಷ್ಟವಾಗುತ್ತದೆ: ಭಾರತ ಬಣಗಳ ಹೊರಗಿತ್ತು, ಕೆನಡಾ ಒಂದು ಬಣದ ಒಳಗಿದ್ದುಕೊಂಡೇ ಮಧ್ಯಸ್ಥನಾಗಲು ನೋಡುತ್ತಿತ್ತು. ಟ್ರಾಂಬೆಯಲ್ಲಿ ಕೆನಡಾದ ನೆರವಿನಿಂದ ಕಟ್ಟಿದ ಸೈರಸ್ ಸಂಶೋಧನಾ ರಿಯಾಕ್ಟರ್ 1960ರಲ್ಲಿ ಕೆಲಸ ಆರಂಭಿಸಿತು. 1974ರ ಪೋಖ್ರಾನ್ ಪರೀಕ್ಷೆಗೆ ಪ್ಲುಟೋನಿಯಂ ಬಂದದ್ದು ಅಲ್ಲಿಂದಲೇ. ಕೆನಡಾ ಅಣು ಸಹಕಾರವನ್ನು ನಿಲ್ಲಿಸಿತು. ನಮ್ಮ ಕೈಗಾದಲ್ಲಿ ಇಂದು ವಿದ್ಯುತ್ ಉತ್ಪಾದಿಸುತ್ತಿರುವ ಭಾರಜಲ ರಿಯಾಕ್ಟರ್‌ಗಳು ರಾಜಸ್ಥಾನದಲ್ಲಿ ಕೆನಡಾದ ಸಹಾಯದಿಂದ ಆರಂಭವಾದ ವಿನ್ಯಾಸದ ದೇಶೀಯ ಪೀಳಿಗೆಯವು.

ಕೆನಡಾದ ಒಳಗೂ ಈ ಪರಿಕಲ್ಪನೆ ಪ್ರಶ್ನಾತೀತವಾಗಿರಲಿಲ್ಲ. ಊರವರ ಜಗಳ ಬಿಡಿಸುವುದೇ ವಿದೇಶಾಂಗ ನೀತಿಯಾಗಬೇಕೇ ಎಂಬ ಧಾಟಿಯಲ್ಲಿ ಪಿಯರ್ ಟ್ರುಡೊ ಸರ್ಕಾರದ 1970ರ ಪರಾಮರ್ಶೆ ರಾಷ್ಟ್ರಹಿತವನ್ನು ಮುಂದಿಟ್ಟಿತು. ಅದೇ ವರ್ಷ ಅಮೆರಿಕಕ್ಕಿಂತ ಬಹಳ ಮೊದಲೇ ಬೀಜಿಂಗ್ ಸರ್ಕಾರಕ್ಕೆ ಕೆನಡಾ ಮನ್ನಣೆ ನೀಡಿತು. ಶೀತಲ ಸಮರ ಮುಗಿದ ಮೇಲೆ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ ಹಳೆಯ ದಾರಿಗೆ ಹೊಸ ಜೀವ ಕೊಟ್ಟರು. ನೆಲಬಾಂಬು ನಿಷೇಧದ ಮಾತುಕತೆಯನ್ನು ದೊಡ್ಡ ರಾಷ್ಟ್ರಗಳ ಒಪ್ಪಿಗೆಗೆ ಕಾಯದೆ ವಿಶ್ವಸಂಸ್ಥೆಯ ಚೌಕಟ್ಟಿನಿಂದಾಚೆಗೆ ನಡೆಸಿ, 1997ರ ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲಿ 122 ದೇಶಗಳ ಸಹಿ ಪಡೆಯುವಲ್ಲಿ ಅವರ ಪಾತ್ರ ದೊಡ್ಡದು. ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಲಿಲ್ಲ, ಭಾರತವೂ ಹಾಕಲಿಲ್ಲ.

ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ಕೆನಡಾ 2010ರಲ್ಲಿ ಸ್ಪರ್ಧಿಸಿ ಸೋತಿತು, 2020ರಲ್ಲಿ ಮತ್ತೆ ಸೋತಿತು. ಎರಡನೆಯ ಬಾರಿ ನಾರ್ವೆಗೆ 130, ಐರ್ಲೆಂಡಿಗೆ 128, ಕೆನಡಾಕ್ಕೆ 108 ಮತಗಳು ಬಂದವು. ಗೆದ್ದ ಎರಡೂ ದೇಶಗಳ ಜನಸಂಖ್ಯೆಯನ್ನು ಕೂಡಿಸಿದರೂ ಕೆನಡಾದ ಮೂರನೆಯ ಒಂದು ಭಾಗವನ್ನು ಮುಟ್ಟುವುದಿಲ್ಲ. ಆ ಹೊತ್ತಿಗೆ ಐರ್ಲೆಂಡಿನ ನೂರಾರು ಸೈನಿಕರು ಲೆಬನಾನಿನ ಶಾಂತಿಪಾಲನಾ ಪಡೆಯಲ್ಲಿದ್ದರು. ಪಿಯರ್ಸನ್ ಅವರ ದೇಶ ವಿಶ್ವಸಂಸ್ಥೆಯ ಅಂತಹ ಪಡೆಗಳೆಲ್ಲಕ್ಕೂ ಸೇರಿ ಕಳುಹಿಸಿದ್ದವರ ಸಂಖ್ಯೆ ನೂರನ್ನೂ ಮುಟ್ಟುತ್ತಿರಲಿಲ್ಲ.