ಇದು ಇನ್‌ಸ್ಟಾ ಫಿಲ್ಟರೇ ಅಲ್ಲೇನ್ರಿ, ಇದ್ರಾಗ ಕಲೆ ಎಲ್ಲದ?

ಪ್ರಶ್ನೆ: ಮಂದಿ ಕೊಟ್ಟ ಫೋಟೊ, ಚಿತ್ರ ತಗೊಂಡು ಬದಲಾಯಿಸಿ ಗೋಡಿ ಮ್ಯಾಲ ತೋರಸ್ತಾರಲ್ರಿ, ಆ ಡಿಜಿಟಲ್ ಆರ್ಟ್ ಇನ್‌ಸ್ಟಲೇಶನ್. ಫೋಟೊ ನಂದು, ಕೆಲಸ ಕಂಪ್ಯೂಟರಿಂದು, ಹೆಸರು ಮಾತ್ರ ಕಲಾವಿದಂದು, ಇದೆಂಥಾ ನ್ಯಾಯ? (ಕಲಬುರಗಿಯ ಓದುಗರೊಬ್ರು)

ಉತ್ತರ: ಭಾಳ ಮಂದಿ ಕೇಳ್ತಾರ್ರಿ ಇದನ್ನ, ಅದೂ ಸ್ವಲ್ಪ ಸಿಟ್ಟಿಲೇನೇ. ಸಿಟ್ಟು ಅರ್ಧ ಖರೇನೂ ಅದ, ಯಾಕಂದ್ರ ಈ ಹೆಸರಿನ್ಯಾಗ ನಡಿಯೋ ಎಷ್ಟೋ ಶೋ ಬರೇ ಸೆಲ್ಫಿ ಪಾಯಿಂಟ್, ಟಿಕೆಟ್ ಮಾತ್ರ ದೊಡ್ಡದು. ಆದ್ರ ಎಲ್ಲಾನೂ ಹಂಗಲ್ಲ.

ಕಂಪ್ಯೂಟರಿಗೆ ನಿಮ್ಮ ಮಾರಿ ಅಂದ್ರ ನಂಬರ್ ಅಷ್ಟೇ, ಒಂದೊಂದು ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಅಂತ ಮೂರು, ಒಂದೊಂದೂ 0 ದಿಂದ 255 ರ ತನಕ. ಆ ನಂಬರಿಗೆ ಏನ್ ಮಾಡಬೇಕು, ಯಾವುದು ಉಳೀಬೇಕು ಯಾವುದು ಅಳಿಸಿ ಹೋಗ್ಬೇಕು ಅಂತ ಠರಾಯಿಸೋದೇ ಕಲಾವಿದನ ಕೆಲಸ. ನಮ್ಮ ಬೀದರ್ ಬಿದ್ರಿ ಕೆಲಸ ನೋಡ್ರಿ, ಸತು ತಾಮ್ರದ ಪಾತ್ರಿಗೆ ಬೆಳ್ಳಿ ಕೂಡಿಸಿ ಬೀದರ್ ಕೋಟೆಯೊಳಗಿನ ಮಣ್ಣು, ನವಸಾಗರ ಅನ್ನೋ ಉಪ್ಪಿನ ಬಿಸಿ ನೀರು ತಾಗಿಸಿದ್ರ ಪಾತ್ರಿ ಕರ್ರಗಾಗ್ತದ, ಬೆಳ್ಳಿ ಹಂಗೇ ಹೊಳೀತದ. ಕಪ್ಪು ಮಾಡಿದ್ದು ಮಣ್ಣು, ಉಸ್ತಾದರದು ಏನೂ ಇಲ್ಲ ಅಂತ ಯಾರರ ಅಂತಾರೇನು?

1999ರಾಗ ಡೇನಿಯಲ್ ರೋಝಿನ್ ಅನ್ನೋವ್ರು 830 ಕಟ್ಟಿಗಿ ತುಂಡು ಜೋಡಿಸಿ ಒಂದು ಕನ್ನಡಿ ಮಾಡಿದ್ರು, ತುಂಡಿಗೊಂದು ಮೋಟರ್, ನಟ್ಟನಡುವ ಸಣ್ಣ ಕ್ಯಾಮೆರಾ, ನೀವು ಮುಂದ ನಿಂತ್ರ ತುಂಡುಗಳು ಚಟಚಟ ಅಂತ ವಾಲಿ ಬೆಳಕು ನೆಳ್ಳಿನಾಗ ನಿಮ್ಮ ಆಕಾರ ಮೂಡ್ತದ. ಜಪಾನಿನ ಟೀಮ್‌ಲ್ಯಾಬ್ ಅನ್ನೋ ಕಲಾವಿದರ ತಂಡದ್ದು 2013ರ ಸ್ಕೆಚ್ ಅಕ್ವೇರಿಯಂ ಅದ, ಹುಡುಗುರು ಕಾಗದದ ಮ್ಯಾಲ ಮೀನಿಗೆ ಬಣ್ಣ ಹಚ್ಚಿ ಸ್ಕ್ಯಾನ್ ಮಾಡಿದ್ರ ಅದು ಗೋಡಿ ತುಂಬ ಈಜ್ತದ, ಮುಟ್ಟಿದ್ರ ಓಡಿ ಹೋಗ್ತದ. ಫಿಲ್ಟರ್ ನಿಮ್ಮ ಮಾರಿ ನಿಮಗೇ ಹೊಳ್ಳಿ ಕೊಡ್ತದ, ಇಲ್ಲಿ ನಿಮ್ಮ ಮೀನು ಯಾರದೋ ಹುಡುಗನ ಮೀನಿನ ಬಾಜೂ ಈಜ್ತದ, ಅಲ್ಲೇ ಫರಕ್.

ನನಗ ಎದಿಗೆ ತಟ್ಟಿದ್ದು ಮಾತ್ರ ರಫಾಯೆಲ್ ಲೊಝಾನೊ ಹೆಮ್ಮರ್ ಅನ್ನೋ ಕಲಾವಿದ 2015ರಾಗ ಮಾಡಿದ ಲೆವೆಲ್ ಆಫ್ ಕಾನ್ಫಿಡೆನ್ಸ್ ಅನ್ನೋ ಕೃತಿ. ಮೆಕ್ಸಿಕೋದಾಗ 2014ರ ಸೆಪ್ಟೆಂಬರ್‌ನಾಗ ಅಯೋತ್ಸಿನಾಪಾ ಕಾಲೇಜಿನ 43 ವಿದ್ಯಾರ್ಥಿಗಳನ್ನ ಎತ್ತಾಕ್ಕೊಂಡು ಹೋಗಿದ್ರು. ಈ ಕೃತಿಯ ಕ್ಯಾಮೆರಾ ಮುಂದ ನಿಂತ್ರ ಅದು ನಿಮ್ಮ ಮಾರಿಯೊಳಗ ಆ 43 ಹುಡುಗುರನ್ನೇ ಹುಡುಕ್ತದ, ಯಾರ ಜೋಡಿ ಎಷ್ಟು ಹೋಲ್ತದ ಅಂತ ಪರ್ಸೆಂಟ್ ತೋರಸ್ತದ, ಆದ್ರ ಹುಡುಗುರು ಸಿಗೋದಿಲ್ಲ. ಅನುಮಾನಿತರನ್ನ ಹಿಡೀಲಿಕ್ಕಂತ ಪೊಲೀಸರು ಬಳಸೋ ಅದೇ ನಮೂನಿ ಮಾರಿ ಗುರುತು ಹಿಡಿಯೋ ಸಾಫ್ಟ್‌ವೇರ್ ಇಲ್ಲಿ ಕಾಣಿ ಆದವ್ರನ್ನ ಹುಡುಕ್ತದ. ಕೋಡ್ ದೊಡ್ಡದಲ್ರಿ, ಆ ತಿರುವು ದೊಡ್ಡದು. ಮತ್ತ ಅದು ನಿಮ್ಮ ಮಾರಿ ಇಲ್ದ ನಡಿಯಂಗಿಲ್ಲ, ಅಂದ್ರ ನೀವೂ ಅದ್ರಾಗ ಪಾಲುದಾರರೇ, ಹೆಸರು ಬರೀಲಿಲ್ಲ ಅಂದ್ರೂ.

ಹಂಗಂತ ಕಣ್ಣು ಮುಚ್ಚಿ ಫೋಟೊ ಕೊಡಬ್ಯಾಡ್ರಿ. ಸೇವ್ ಮಾಡ್ತೀರೇನು, ಯಾವಾಗ ಡಿಲೀಟ್ ಮಾಡ್ತೀರಿ, ಎಐ ಟ್ರೇನಿಂಗಿಗೆ ಬಳಸ್ತೀರೇನು ಅಂತ ಕೇಳ್ರಿ, ಬಾಯಿ ಬಿಟ್ಟು ಹೇಳ್ಲಿಲ್ಲಂದ್ರ ಮುಂದಕ್ಕ ನಡೀರಿ. ಮಕ್ಕಳ ಫೋಟೊ ಆದ್ರಂತೂ ಕೊಡೋದೇ ಬ್ಯಾಡ, ಅವರು ಬಿಡಿಸಿದ ಚಿತ್ರ ಕೊಟ್ರ ಸಾಕು.

ಕಲಬುರಗಿಯಾಗ ನೀವೇ ಮಾಡಿ ನೋಡಬೇಕಂದ್ರ ಲ್ಯಾಪ್‌ಟಾಪ್, ವೆಬ್‌ಕ್ಯಾಮ್, ಕಾಲೇಜಿನ ಒಂದು ಪ್ರೊಜೆಕ್ಟರ್ ಸಾಕ್ರಿ, ಕೋಡ್ ಬರ್ದು ಚಿತ್ರ ಬದಲಾಯಿಸೋ ಪ್ರೊಸೆಸಿಂಗ್ ಅನ್ನೋ ಸಾಫ್ಟ್‌ವೇರ್ ಪುಕಟ್ ಸಿಗ್ತದ. ಬ್ಯಾಸಿಗಿಯಾಗ ಹೊತ್ತು ಮುಳುಗೋ ತನಕ ಗೋಡಿ ಮ್ಯಾಲ ಏನೂ ಕಾಣಂಗಿಲ್ಲ, ಏಳೂವರಿ ಮ್ಯಾಲ ಇಟ್ಕೊಳ್ರಿ, ಕರೆಂಟ್ ಹೋದ್ರ ಇರ್ಲಿ ಅಂತ ಯುಪಿಎಸ್ಸೂ. ಕಲಬುರಗಿ ಕೋಟೆ ಗೋಡಿನೇ ಬೇಕು ಅಂತ ಹಟ ಹಿಡದ್ರ ಮೊದ್ಲು ಪುರಾತತ್ವ ಇಲಾಖೆ ಪರ್ಮಿಷನ್ ತಗೋರಿ, ಅದಕ್ಕಿಂತ ಕಾಲೇಜಿನ ಸುಣ್ಣ ಹಚ್ಚಿದ ಗೋಡಿನೇ ಬೆಸ್ಟ್.