ಎರಡು ಜ್ವಾಲೆ ಕುಣಿತ ಬಿಡೋ ಜಾಗ

ಕಾರವಾರದಲ್ಲಿ ಮಳೆಗಾಲ ಅಂದ್ರೆ ಕರೆಂಟ್ ಹೋಗೋದು ಮಾಮೂಲಿ, ಮೇಣದಬತ್ತಿ ಪ್ಯಾಕೆಟ್ ಇಲ್ಲದ ಮನೆ ಕಮ್ಮಿ. ಆ ಪ್ಯಾಕೆಟ್ಟಲ್ಲೇ ನೋಡಬಹುದಾದ ಭೌತಶಾಸ್ತ್ರ ಒಂದಿದೆ. ಸಮುದ್ರದ ಕಡೆ ಕಿಟಕಿ ಪೂರ್ತಿ ಮುಚ್ಚಿ, ಗಾಳಿ ಆಡಿದ್ರೆ ಏನೂ ಕಾಣಲ್ಲ. ಒಂದೇ ಬತ್ತಿ ಹಚ್ಚಿದ್ರೆ ಜ್ವಾಲೆ ಸುಮ್ನೆ ನಿಂತಿರುತ್ತೆ. ಮೂರ್ನಾಲ್ಕು ಬತ್ತಿ ಸೇರಿಸಿ ಕಟ್ಟಿ ಹಚ್ಚಿ, ಜ್ವಾಲೆಗಳು ಒಂದಾಗಿ ಉದ್ದ ಗಿಡ್ಡ ಆಗೋಕೆ ಶುರು ಮಾಡ್ತವೆ, ಸೆಕೆಂಡಿಗೆ ಸುಮಾರು 10 ಸಲ, ಮೊಬೈಲಲ್ಲಿ ಸ್ಲೋ ಮೋಷನ್ ಹಾಕಿದ್ರೆ ಚೆನ್ನಾಗಿ ಕಾಣುತ್ತೆ. ಬಿಸಿಗಾಳಿ ಮೇಲೇಳ್ತಾ ಸುತ್ತ ಸುಳಿ ಕಟ್ಟುತ್ತೆ, ಆ ಸುಳಿ ಜ್ವಾಲೆಯನ್ನ ಹಿಸುಕಿ ಬಿಡುತ್ತೆ, ಮತ್ತೆ ಹಿಸುಕುತ್ತೆ. ಹೊರಗಿಂದ ಯಾರೂ ತಳ್ತಿಲ್ಲ, ಮೇಣ ಇರೋ ತನಕ ತಾನೇ ಕುಣಿಯುತ್ತೆ.

ಈಗ ಅಂಥದ್ದೇ ಇನ್ನೊಂದು ಕಟ್ಟು ಪಕ್ಕದಲ್ಲಿಡಿ. ತೀರಾ ಹತ್ತಿರ ಇದ್ರೆ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳೀತವೆ. ದೂರ ಸರಿಸಿದ್ರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತೆ. ಇವೆರಡರ ನಡುವೆ ಒಂದು ಸಣ್ಣ ಅಂತರ ಇದೆ ನೋಡಿ, ಅಲ್ಲಿಟ್ರೆ ಎರಡೂ ಕುಣಿತ ಬಿಟ್ಟು ನೆಟ್ಟಗೆ ಉರೀತವೆ! ಐಐಟಿ ಮದ್ರಾಸಿನ ಆರ್. ಐ. ಸುಜಿತ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಇದಕ್ಕೆ ಆಂಪ್ಲಿಟ್ಯೂಡ್ ಡೆತ್ ಅಂತಾರೆ, ಅಂದ್ರೆ ಏರಿಳಿತವೇ ಸತ್ತುಹೋಗೋದು.

ಒಂದು ಅಲೆ ಏರು, ಇನ್ನೊಂದು ಇಳಿ, ಕೂಡಿದ್ರೆ ಸೊನ್ನೆ ಅಂತ ಶಾಲೇಲಿ ಕಲಿತಿದ್ದು ಇಲ್ಲಿ ನಡೆಯಲ್ಲ. ಅಲ್ಲಿ ಎರಡು ಮೂಲಗಳೂ ಕಂಪಿಸ್ತಾನೇ ಇರ್ತವೆ, ಇಲ್ಲಿ ಮೂಲದಲ್ಲೇ ಕಂಪನ ನಿಲ್ಲುತ್ತೆ, ಅದೂ ಇಂಧನ ಒಂಚೂರೂ ಕಮ್ಮಿಯಾಗದೆ. ನಂಗೆ ಇದರಲ್ಲಿ ಅತ್ಯಂತ ಇಷ್ಟದ ಸಂಗತಿ ಅದೇ. ಇಂಥದ್ದು ಜ್ವಾಲೆಗೆ ಮಾತ್ರ ಅಲ್ಲ: ಪಕ್ಕಪಕ್ಕ ನಿಲ್ಲಿಸಿದ ಎರಡು ಆರ್ಗನ್ (ಚರ್ಚಲ್ಲಿ ನುಡಿಸೋ ವಾದ್ಯ) ಕೊಳವೆ ಒಂದನ್ನೊಂದು ಹೆಚ್ಚುಕಮ್ಮಿ ಮೌನ ಮಾಡಬಲ್ಲವು ಅಂತ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 19ನೇ ಶತಮಾನದಲ್ಲೇ ಬರೆದಿದ್ದ.

ಲೆಕ್ಕ ಏನು ಹೇಳುತ್ತೆ ಅಂದ್ರೆ, ಎರಡರ ಕುಣಿತದ ವೇಗ ಸಾಕಷ್ಟು ಬೇರೆ ಇರ್ಬೇಕು, ನಂಟು (ಒಂದರ ಮೇಲೆ ಇನ್ನೊಂದರ ಪ್ರಭಾವ) ಮಧ್ಯಮ ಇರ್ಬೇಕು, ನಂಟು ಕಮ್ಮಿ ಆದ್ರೆ ತಮ್ಮಷ್ಟಕ್ಕೆ ಕುಣೀತವೆ, ಜಾಸ್ತಿ ಆದ್ರೆ ಒಂದೇ ತಾಳಕ್ಕೆ ಬಿದ್ದು ಮತ್ತೆ ಕುಣೀತವೆ. ಹಾಗಾದ್ರೆ ಒಂದೇ ಥರದ ಎರಡು ಕಟ್ಟು ಹೇಗೆ ನಿಂತ್ವು? 1998ರಲ್ಲಿ ವಿಜ್ಞಾನಿಗಳಾದ ರಮಣ ರೆಡ್ಡಿ, ಅಭಿಜಿತ್ ಸೇನ್ ಮತ್ತು ಜಾನ್‌ಸ್ಟನ್ ತೋರಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ: ಒಂದರ ಪ್ರಭಾವ ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಮುಟ್ಟಿದ್ರೆ ಒಂದೇ ವೇಗದ ಆಂದೋಲಕಗಳೂ (ಹೀಗೆ ಏರಿಳಿಯೋ ವಸ್ತುಗಳೂ) ನಿಲ್ಲಬಹುದು.

ಗ್ಯಾಸ್ ಟರ್ಬೈನ್, ರಾಕೆಟ್ ಎಂಜಿನ್ ಒಳಗೆ ಉರಿ ಶಬ್ದವನ್ನ, ಶಬ್ದ ಉರಿಯನ್ನ ಏರಿಸ್ತಾ ಹೋಗಿ ಎಂಜಿನ್ನೇ ಹಾಳಾಗೋ ಮಟ್ಟಕ್ಕೆ ನಡುಗೋದುಂಟು. ಇಂಧನ ಉರಿಯೋ ದಹನಕೋಣೆಗಳನ್ನ ಕೊಳವೆಯಿಂದ ಜೋಡಿಸಿ ಆ ನಡುಕವನ್ನ ಇದೇ ಥರ ನಿಲ್ಲಿಸೋ ಪ್ರಯೋಗಗಳು ಲ್ಯಾಬಲ್ಲಿ ಆಗಿವೆ.