ಸಾಮೂಹಿಕ ಸೆರೆವಾಸ: ಶಿಕ್ಷೆ ಎಷ್ಟು ಸಾಕು ಅಂತ ಕೇಳದೇ ಹೋದಾಗ

1972ರ ಸುಮಾರಿಗೆ ಅಮೆರಿಕದ ರಾಜ್ಯಗಳ ಮತ್ತು ಫೆಡರಲ್ (ಕೇಂದ್ರ) ಸರ್ಕಾರದ ಜೈಲುಗಳಲ್ಲಿ ಇದ್ದ ಕೈದಿಗಳು ಹತ್ತಿರ ಹತ್ತಿರ 2 ಲಕ್ಷ. 2009ರ ಹೊತ್ತಿಗೆ ಅವರು 16 ಲಕ್ಷ ಆಗಿದ್ದರು. ವಿಚಾರಣೆಗೆ ಕಾಯುವವರನ್ನು ಇಡುವ ಸ್ಥಳೀಯ ಜೈಲುಗಳನ್ನೂ ಸೇರಿಸಿದರೆ ಲೆಕ್ಕ 23 ಲಕ್ಷದ ಆಸುಪಾಸು. ಅಂದರೆ ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರು ಕಂಬಿ ಹಿಂದೆ. ಈ ಬೆಳವಣಿಗೆಗೆ ಇರುವ ಹೆಸರೇ ಸಾಮೂಹಿಕ ಸೆರೆವಾಸ.

ಬರೀ ಸಂಖ್ಯೆ ದೊಡ್ಡದು ಅನ್ನುವುದಷ್ಟೇ ಇದರ ಅರ್ಥವಲ್ಲ. ಸಮಾಜಶಾಸ್ತ್ರಜ್ಞ ಡೇವಿಡ್ ಗಾರ್ಲೆಂಡ್ 2001ರ ಸುಮಾರಿಗೆ ಎರಡು ಲಕ್ಷಣ ಹೇಳಿದರು. ಒಂದು, ಹಿಂದೆಂದೂ ಕಾಣದಷ್ಟು ಜನ ಜೈಲಿನಲ್ಲಿ ಇರುವುದು. ಇನ್ನೊಂದು, ತಪ್ಪು ಮಾಡಿದ ಒಬ್ಬೊಬ್ಬರನ್ನು ಅಲ್ಲ, ಒಂದಿಡೀ ಜನವರ್ಗವನ್ನೇ ಜೈಲಿಗೆ ಹಾಕಿದಂತೆ ಆಗುವುದು. ದೊಡ್ಡ ನಗರಗಳ ಬಡ ಕಪ್ಪು ಯುವಕರ ವಿಷಯದಲ್ಲಿ ಆಗಿದ್ದು ಇದೇ. ಆ ಬಡಾವಣೆಗಳಲ್ಲಿ ಜೈಲು ಅನ್ನುವುದು ಬದುಕಿನ ಒಂದು ಮಾಮೂಲಿ ಘಟ್ಟ ಆಗಿಹೋಯಿತು. ನನಗೆ ಈ ಎರಡನೆಯ ಲಕ್ಷಣವೇ ಜಾಸ್ತಿ ಮುಖ್ಯ ಅನಿಸುತ್ತದೆ. ಯಾಕೆಂದರೆ ಶಿಕ್ಷೆಯ ಸಿದ್ಧಾಂತಗಳೆಲ್ಲ ಮಾತಾಡುವುದು ಒಬ್ಬ ಅಪರಾಧಿಯ ಬಗ್ಗೆ. ಲಕ್ಷಾಂತರ ಜನರನ್ನು ಒಟ್ಟಿಗೆ ಕೂಡಿಹಾಕಿದರೆ ಏನಾಗುತ್ತದೆ ಅನ್ನುವುದು ಅವುಗಳ ಲೆಕ್ಕದಲ್ಲೇ ಇರಲಿಲ್ಲ.

ಆ ಸಿದ್ಧಾಂತಗಳು ಮುಖ್ಯವಾಗಿ ನಾಲ್ಕು. ತಪ್ಪು ಮಾಡಿದವರು ಅದಕ್ಕೆ ತಕ್ಕ ಶಿಕ್ಷೆ ಅನುಭವಿಸಲೇಬೇಕು ಅನ್ನುವುದು ಪ್ರತೀಕಾರ ಸಿದ್ಧಾಂತ. ಜರ್ಮನ್ ತತ್ವಜ್ಞಾನಿ ಕಾಂಟ್ ಇದರ ದೊಡ್ಡ ವಕ್ತಾರ. ಶಿಕ್ಷೆಯ ಭಯದಿಂದ ಮುಂದಿನ ಅಪರಾಧ ತಪ್ಪಬೇಕು ಅನ್ನುವುದು ಭಯದ ಸಿದ್ಧಾಂತ. ಇಟಲಿಯ ಬೆಕ್ಕಾರಿಯಾ 1764ರಲ್ಲೇ ಇದನ್ನು ಬರೆದರು, ಆಮೇಲೆ ಇಂಗ್ಲೆಂಡಿನ ಬೆಂಥಮ್ ಬೆಳೆಸಿದರು. ಅಪರಾಧಿಯನ್ನು ತಿದ್ದಬೇಕು ಅನ್ನುವುದು ಸುಧಾರಣೆ. ಹೊರಗೆ ಬಿಟ್ಟರೆ ತಾನೇ ಮತ್ತೆ ತಪ್ಪು ಮಾಡುವುದು, ಒಳಗೇ ಇರಲಿ ಅನ್ನುವುದು ನಾಲ್ಕನೆಯದು, ನಿರ್ಬಂಧ ಸಿದ್ಧಾಂತ.

ಇವುಗಳನ್ನು ಅಳೆಯಲು ಒಂದು ಪ್ರಶ್ನೆ ಕೇಳಬೇಕು: ಶಿಕ್ಷೆ ಎಲ್ಲಿಗೆ ನಿಲ್ಲಬೇಕು? ಪ್ರತೀಕಾರ ಕೇಳಲು ಕ್ರೂರ ಅನಿಸಿದರೂ ಅದಕ್ಕೊಂದು ಮಿತಿ ಇದೆ. ತಪ್ಪಿಗಿಂತ ದೊಡ್ಡ ಶಿಕ್ಷೆ ಕೊಟ್ಟರೆ ಅದೂ ಅನ್ಯಾಯವೇ. ಭಯದ ಸಿದ್ಧಾಂತಕ್ಕೂ ಮಿತಿ ಇದೆ. ಅಪರಾಧ ತಡೆಯಲು ಬೇಕಾದ್ದಕ್ಕಿಂತ ಹೆಚ್ಚಿನ ಶಿಕ್ಷೆ ಸುಮ್ನೆ ಹಿಂಸೆ ಎಂದೇ ಬೆಕ್ಕಾರಿಯಾ ವಾದ. ಶಿಕ್ಷೆ ಎಷ್ಟು ಘೋರ ಅನ್ನುವುದಕ್ಕಿಂತ ಅದು ಎಷ್ಟು ಖಚಿತ ಅನ್ನುವುದು ಮುಖ್ಯ ಎಂದರು ಅವರು. ನಿರ್ಬಂಧಕ್ಕೆ ಮಾತ್ರ ಒಳಗಿಂದ ಬರುವ ಮಿತಿಯೇ ಇಲ್ಲ. ಇನ್ನೊಂದು ವರ್ಷ ಒಳಗಿಟ್ಟರೆ ಇನ್ನೊಂದು ವರ್ಷ ಸುರಕ್ಷಿತ, ಅಷ್ಟೇ ಅದರ ತರ್ಕ.

ಅಮೆರಿಕದಲ್ಲಿ 1970ರವರೆಗೆ ಮುಂದಿದ್ದದ್ದು ಸುಧಾರಣೆ. ನ್ಯಾಯಾಧೀಶರು ಒಂದು ಅಂದಾಜಿನ ಅವಧಿ ಹೇಳುತ್ತಿದ್ದರು, ಯಾವಾಗ ಬಿಡುವುದು ಅಂತ ಪರೋಲ್ (ಅವಧಿಗೆ ಮುಂಚಿನ ಬಿಡುಗಡೆ) ಮಂಡಳಿ ತೀರ್ಮಾನಿಸುತ್ತಿತ್ತು. ಇದರಲ್ಲೂ ಅನ್ಯಾಯ ಇತ್ತು. ಒಂದೇ ತಪ್ಪಿಗೆ ಒಬ್ಬ ಎರಡು ವರ್ಷಕ್ಕೆ ಹೊರಬಂದರೆ ಇನ್ನೊಬ್ಬ ಹತ್ತು ವರ್ಷ ಕೊಳೆಯಬಹುದಿತ್ತು, ಅದರಲ್ಲಿ ಜನಾಂಗಭೇದವೂ ಸೇರಿತ್ತು. ಹಾಗಾಗಿ ಎಡದವರೂ ಬಲದವರೂ ಇದರ ಮೇಲೆ ಮುಗಿಬಿದ್ದರು. 1974ರಲ್ಲಿ ಸಂಶೋಧಕ ರಾಬರ್ಟ್ ಮಾರ್ಟಿನ್ಸನ್ ಬರೆದ ಲೇಖನವನ್ನು 'ಕೈದಿಗಳನ್ನು ತಿದ್ದುವ ಯಾವ ಪ್ರಯತ್ನವೂ ಫಲ ಕೊಡುವುದಿಲ್ಲ' ಅಂತಲೇ ಎಲ್ಲರೂ ಓದಿಕೊಂಡರು. 1979ರಲ್ಲಿ ಅವರೇ ಆ ಮಾತನ್ನು ಸಡಿಲಿಸಿದರು. ಆದರೆ ಅಷ್ಟರಲ್ಲಿ ಕಾನೂನುಗಳು ಬದಲಾಗತೊಡಗಿದ್ದವು.

ನ್ಯೂಯಾರ್ಕ್ 1973ರಲ್ಲಿ ತಂದ ಮಾದಕವಸ್ತು ಕಾನೂನಿನಲ್ಲಿ ಎರಡು ಔನ್ಸ್ ಹೆರಾಯಿನ್ ಮಾರಿದರೆ ಕನಿಷ್ಠ 15 ವರ್ಷ, ಗರಿಷ್ಠ ಜೀವಾವಧಿ. 1984ರ ಕಾನೂನು ಫೆಡರಲ್ ಕೈದಿಗಳಿಗೆ ಪರೋಲ್ ಇಲ್ಲದಂತೆ ಮಾಡಿತು. 1986ರ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್ (ಹರಳು ರೂಪದ) ಕೊಕೇನ್ ಮಾರಲು ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 5 ವರ್ಷ. ಪುಡಿ ಕೊಕೇನ್‌ ಆದರೆ ಅದೇ ಶಿಕ್ಷೆಗೆ 500 ಗ್ರಾಂ ಬೇಕು. ವಸ್ತು ಹೆಚ್ಚುಕಡಿಮೆ ಒಂದೇ. ಆದರೆ ಕ್ರ್ಯಾಕ್ ಕೇಸಿನಲ್ಲಿ ಶಿಕ್ಷೆಯಾದವರಲ್ಲಿ ಬಹುತೇಕರು ಕಪ್ಪು ಜನ. ಈ ನೂರು ಪಟ್ಟಿನ ಅಂತರಕ್ಕೆ ಯಾವ ಸಿದ್ಧಾಂತದಿಂದ ಸಮರ್ಥನೆ ಕೊಡಲು ಸಾಧ್ಯ? ನನಗಂತೂ ಒಂದೂ ಕಾಣುವುದಿಲ್ಲ. 2010ರಲ್ಲಿ ಅದನ್ನು 18 ಪಟ್ಟಿಗೆ ಇಳಿಸಿದರು.

1994ರ ಕ್ಯಾಲಿಫೋರ್ನಿಯಾ ಕಾನೂನು ಇನ್ನೂ ಸ್ಪಷ್ಟ ಉದಾಹರಣೆ. ಮೊದಲು ಎರಡು ಗಂಭೀರ ಅಪರಾಧ ಮಾಡಿದವರು ಮೂರನೇ ಸಲ ಯಾವ ಫೆಲೊನಿ, ಅಂದರೆ ರಾಜ್ಯ ಜೈಲಿಗೆ ಕಳಿಸಬಹುದಾದ ಅಪರಾಧ ಮಾಡಿದರೂ ಕನಿಷ್ಠ 25 ವರ್ಷ, ಗರಿಷ್ಠ ಜೀವಾವಧಿ. ಮೂರು ಗಾಲ್ಫ್ ಸ್ಟಿಕ್ ಕದ್ದ ಒಬ್ಬನಿಗೆ ಈ ಶಿಕ್ಷೆ ಆಯಿತು. ಒಂದೊಂದರ ಬೆಲೆ 399 ಡಾಲರ್. 2003ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. ಶಿಕ್ಷೆಗೆ ಯಾವ ಸಿದ್ಧಾಂತ ಆಧಾರ ಆಗಬೇಕು ಎಂದು ಸಂವಿಧಾನ ಹೇಳುವುದಿಲ್ಲ, ರಾಜ್ಯಗಳು ನಿರ್ಬಂಧವನ್ನೇ ಆರಿಸಿಕೊಳ್ಳಬಹುದು ಅನ್ನುವುದು ಮುಖ್ಯ ತೀರ್ಪಿನ ನಿಲುವು. ತಪ್ಪಿಗೆ ತಕ್ಕ ಶಿಕ್ಷೆ ಅನ್ನುವ ಹಳೆಯ ಮಿತಿ ಎಷ್ಟು ದುರ್ಬಲವಾಗಿತ್ತು ಅಂತ ಇದರಲ್ಲಿ ಗೊತ್ತಾಗುತ್ತದೆ ಅಲ್ವಾ?

ಅಪರಾಧ ಜಾಸ್ತಿ ಆಗಿತ್ತು, ಅದಕ್ಕೇ ಜೈಲು ತುಂಬಿತು ಎನ್ನುವವರಿದ್ದಾರೆ. ಅರವತ್ತರ ದಶಕದಿಂದ 1990ರ ಆರಂಭದವರೆಗೆ ಅಪರಾಧ ಏರಿದ್ದು ನಿಜ. ಜನರ ಭಯವೂ ನಿಜ. ಆದರೆ ಆಮೇಲೆ ಅಪರಾಧ ಇಳಿಯುತ್ತಾ ಹೋದಾಗಲೂ ಕೈದಿಗಳ ಸಂಖ್ಯೆ ಮತ್ತೂ ಹದಿನೈದು ವರ್ಷ ಏರುತ್ತಲೇ ಇತ್ತು. ಹೆಚ್ಚು ಜನರನ್ನು ಜೈಲಿಗೆ ಕಳಿಸಿದ್ದು, ಹೆಚ್ಚು ಕಾಲ ಇಟ್ಟುಕೊಂಡಿದ್ದು, ಎರಡೂ ನೀತಿಯ ಆಯ್ಕೆಗಳು. ಅದೂ ಅಲ್ಲದೆ, ವಯಸ್ಸಾದಂತೆ ಮನುಷ್ಯರು ಅಪರಾಧ ಮಾಡುವುದು ತುಂಬಾ ಕಡಿಮೆ ಆಗುತ್ತದೆ. ಅರವತ್ತು ದಾಟಿದ ಕೈದಿಯನ್ನು ಇಟ್ಟುಕೊಂಡರೆ ನಿರ್ಬಂಧದ ಲೆಕ್ಕದಲ್ಲೂ ಲಾಭ ಸಿಗುವುದು ಅತ್ಯಲ್ಪ.

ಕ್ಯಾಲಿಫೋರ್ನಿಯಾದ ಮತದಾರರು 2012ರಲ್ಲಿ ಆ ಕಾನೂನನ್ನು ಸಡಿಲಿಸಿದರು. ಮೂರನೇ ಅಪರಾಧವೂ ಗಂಭೀರ ಅಥವಾ ಹಿಂಸಾತ್ಮಕ ಆಗಿರಬೇಕು ಎಂಬುದು ಈಗಿನ ಸಾಮಾನ್ಯ ನಿಯಮ. ನ್ಯೂಯಾರ್ಕ್ ತನ್ನ ಮಾದಕವಸ್ತು ಕಾನೂನನ್ನು 2009ರಲ್ಲಿ ಬದಲಿಸಿತು. ಅಲ್ಲಿ 1999ರಲ್ಲಿ 72 ಸಾವಿರ ದಾಟಿದ್ದ ರಾಜ್ಯ ಜೈಲಿನ ಕೈದಿಗಳ ಸಂಖ್ಯೆ 2019ರ ಕೊನೆಗೆ ಸುಮಾರು 44 ಸಾವಿರಕ್ಕೆ ಬಂದಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ರಾಜ್ಯದ ಅಪರಾಧ ಪ್ರಮಾಣವೂ ಇಳಿದಿತ್ತು.